ಜಗಲಿಯ ತನಕ

ಗುಬ್ಬಿಯ ಪೇಟೆಬೀದಿಯಲ್ಲಿ ಬೆಳಗಿನ ಏಳು ಗಂಟೆಗೆ ಇಪ್ಪತ್ತು ಜನ ಗುಂಪುಗೂಡಿ, ಒಂದು ಹಳೆಯ ಮನೆಯ ಮುಂದೆ ತಲೆ ಎತ್ತಿ ನಿಂತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಹಾಲಿನವನು ಸೈಕಲ್ಲಿನಿಂದ ಇಳಿದು ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಯಾರು ಹೋದ್ರಮ್ಮ?" ಎಂದು ಕೇಳಿದ. "ಯಾರೂ ಹೋಗಿಲ್ಲಪ್ಪ, ಮನೆ ನೋಡ್ತಿದೀವಿ" ಎಂದೆ. "ಓ, ಮಾರಾಟಕ್ಕೈತಾ?" ಎಂದು ಅವನೂ ಒಮ್ಮೆ ಕಂಬ, ಮಾಡು ಎಲ್ಲ ನೋಡಿ, "ಬಾಳ ರಿಪೇರಿ ಐತೆ, ನೋಡ್ಕಳಿ" ಎಂದು ಎಚ್ಚರಿಕೆ ಹೇಳಿ ಹೊರಟುಹೋದ.

ನಾವು ಮಾಡುತ್ತಿದ್ದದ್ದಕ್ಕೆ ಪಾರಂಪರಿಕ ನಡಿಗೆ ಎಂದು ಹೆಸರು. ಬಾಯಿಮಾತಿನಲ್ಲಿ ಎಲ್ಲರೂ ಹೆರಿಟೇಜ್ ವಾಕ್ ಎನ್ನುತ್ತಾರೆ. ಬೆಂಗಳೂರಿನ ಹಳೇ ಪೇಟೆಯಲ್ಲಿ, ಮೈಸೂರಿನಲ್ಲಿ ಇದು ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಈಗ ತುಮಕೂರಿನ ಉತ್ಸಾಹಿಗಳ ಒಂದು ಗುಂಪು ಇಪ್ಪತ್ತು ಕಿಲೋಮೀಟರು ದೂರದ ಗುಬ್ಬಿಗೂ ಅದನ್ನು ತಂದಿದೆ. ಮುಂದೆ ಒಬ್ಬ ಗೈಡು, ಹಿಂದೆ ಟೋಪಿ, ನೀರಿನ ಬಾಟಲಿ, ಮೊಬೈಲು ಹಿಡಿದ ನಾವು. ನಾಟಕ ನೋಡಿ ಬಂದರೆ ಚೆನ್ನಾಗಿತ್ತು, ಸಪ್ಪೆಯಾಗಿತ್ತು ಎಂದು ವಿಮರ್ಶೆ ಬರೆಯುತ್ತೇವೆ. ಒಬ್ಬ ಮನುಷ್ಯ ಒಂದು ಊರನ್ನೇ ರಂಗ ಮಾಡಿಕೊಂಡು ಎರಡು ಗಂಟೆ ಮಾತಾಡಿದ ಮೇಲೆ ಅದಕ್ಕೂ ವಿಮರ್ಶೆ ಬೇಡವೇ? ಯಾರೂ ಬರೆಯುವುದಿಲ್ಲ. ಕೊನೆಯಲ್ಲಿ ಚಪ್ಪಾಳೆ ತಟ್ಟಿ, ಗುಂಪು ಫೋಟೋ ತೆಗೆಸಿಕೊಂಡು, ಇಡ್ಲಿ ತಿನ್ನಲು ಹೋಗುತ್ತಾರೆ. ನಾನೂ ತಿಂದೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಮೊದಲು ಹುಡುಗನ ಗುಣ ಹೇಳಿಬಿಡುತ್ತೇನೆ. ಚೆನ್ನಾಗಿ ಓದಿಕೊಂಡಿದ್ದ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಮೈಸೂರು ಸೀಮೆ ನೋಡಿ ಬರಲು ಕಳಿಸಿದ ಸ್ಕಾಟ್ಲೆಂಡಿನ ಡಾಕ್ಟರು ಬುಕಾನನ್ ಈ ಊರಿನ ಸಂತೆ, ಅಡಿಕೆ ವ್ಯಾಪಾರ ಕಂಡು ಬರೆದದ್ದು, 1839ರಿಂದ ಎರಡು ವರ್ಷ ಇಲ್ಲಿದ್ದ ಐರಿಷ್ ಪಾದ್ರಿ ವಿಲಿಯಂ ಆರ್ಥರ್ ಹಿಂತಿರುಗಿ ಹೋಗಿ 1847ರಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದು, ಗೋಸಲ ಚನ್ನಬಸವೇಶ್ವರರ ಗದ್ದುಗೆ, ಆ ಸ್ವಾಮಿಯ ಹೆಸರಿನಲ್ಲೇ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ಆ ಸಂಘವೇ ಮುಂದೆ ಜನರ ಬಾಯಲ್ಲಿ ಗುಬ್ಬಿ ಕಂಪನಿ ಆಯಿತು. ಬಾಲನಟನಾಗಿ ಸೇರಿದ ವೀರಣ್ಣನವರು ಅದರ ಒಡೆಯರಾದರು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ರಾಜ್‌ಕುಮಾರ್ ಅಲ್ಲಿ ಬಣ್ಣ ಹಚ್ಚಿದರು, ಕಾರಂತರು ಮನೆ ಬಿಟ್ಟು ಓಡಿಬಂದು ಅಲ್ಲಿ ಸೇರಿದರು, 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಇಷ್ಟನ್ನೂ ಒಂದು ಚೀಟಿ ನೋಡದೆ ಹೇಳಿದ. ಭೇಷ್ ಎನ್ನಬೇಕಾದದ್ದೇ.

ನನಗೆ ಒಂದು ಕೆಟ್ಟ ಅಭ್ಯಾಸವಿದೆ. ಭಾಷಣ ಕೇಳುವಾಗ ಬೆರಳು ಮಡಿಸಿ ಲೆಕ್ಕ ಹಾಕುವುದು. ಅವತ್ತು ಹದಿನೇಳು ಗಂಡಸರ ಹೆಸರು ಬಂದವು. ಹೆಣ್ಣಿನ ಹೆಸರು ಒಂದು, ಬಿ. ಜಯಮ್ಮ, ಅದೂ 'ವೀರಣ್ಣನವರ ಪತ್ನಿ' ಎಂಬ ಬಾಲದೊಂದಿಗೆ. 'ಹೇಮರೆಡ್ಡಿ ಮಲ್ಲಮ್ಮ'ನಾಗಿ ತೆರೆಯ ಮೇಲೆ ನಿಂತು ನಮ್ಮ ಅಜ್ಜಿಯಂದಿರ ಸೆರಗು ಒದ್ದೆ ಮಾಡಿಸಿದ ಜಯಮ್ಮ! ಮಳವಳ್ಳಿ ಸುಂದರಮ್ಮ ಇಲ್ಲ, ಹಾಡುಗಾರ್ತಿ ಮಾಲತಮ್ಮ ಇಲ್ಲ, ಅವರ ಮಗಳು ನಮ್ಮ ಕಾಲದ ಬಿ. ಜಯಶ್ರೀ ಕೂಡ ಇಲ್ಲ. ಮೀಸೆ ಬೋಳಿಸಿಕೊಂಡ ಗಂಡಸರೇ ಸೀತೆ ದ್ರೌಪದಿಯರಾಗುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣನ್ನೇ ನಿಲ್ಲಿಸಿದ ಕಂಪನಿ ಅದು. ಆ ಹೆಂಗಸರನ್ನು ಬಿಟ್ಟು ಆನೆ ಕುದುರೆಗಳನ್ನು ನೆನೆಸಿಕೊಂಡರೆ ಏನು ಹೇಳೋಣ? ಅಡಿಕೆಯ ಮಾತು ಬಂದಾಗಲೂ ಹೀಗೇ. ಬುಕಾನನ್ ಬಂದ, ಮಂಡಿಯ ಸಾಹುಕಾರರು ಬಂದರು. ಸುಗ್ಗಿಯಲ್ಲಿ ಸಾಲಾಗಿ ಕೂತು ರಾತ್ರಿ ಹೊತ್ತಿನ ತನಕ ಅಡಿಕೆ ಸುಲಿದು ಬೆರಳೆಲ್ಲ ಕಪ್ಪಾಗಿಸಿಕೊಳ್ಳುವ ಹೆಂಗಸರು ಬರಲೇ ಇಲ್ಲ. ಅವರನ್ನು ಕಾಣಬೇಕಾದರೆ ಪುಸ್ತಕವೂ ಬೇಕಿಲ್ಲ.

ಇನ್ನೊಂದು ಸಂಗತಿ. ನಾವು ನಿಂತ ಜಾಗದಲ್ಲೇ ಒಬ್ಬ ಅಜ್ಜಿ ಪೊರಕೆ, ರಂಗೋಲಿ ಬಟ್ಟಲು ಹಿಡಿದು ಬಾಗಿಲಲ್ಲಿ ಕಾದಿದ್ದರು. ಅವರು ಸಗಣಿನೀರು ಹಾಕಿದ ನೆಲದ ಮೇಲೆ ನಮ್ಮ ಇಪ್ಪತ್ತು ಜೊತೆ ಬೂಟು ಚಪ್ಪಲಿಗಳು. ಗೈಡು ಅವರ ಹೊಸ್ತಿಲ ಕೆತ್ತನೆ ತೋರಿಸುತ್ತಿದ್ದ, ಅವರನ್ನು ನೋಡಲಿಲ್ಲ. ನಮ್ಮ ಜೊತೆಗಿದ್ದ ಬೆಂಗಳೂರಿನ ಒಬ್ಬ ಮಹಿಳೆ ಒಳಗೆ ಇಣುಕಿ, "ಎಷ್ಟು ಚೆನ್ನಾಗಿದೆ, ದಯವಿಟ್ಟು ಕೆಡವಬೇಡಿ" ಎಂದರು. ಒಳಗಿನಿಂದ ಸೊಸೆಯ ದನಿ ಬಂತು: "ಮಳೆಗಾಲದಲ್ಲಿ ಬಂದು ಒಂದು ತಿಂಗಳು ಇರಿ ಅಮ್ಮಾ. ಬಚ್ಚಲಿಗೆ ಕೊಡೆ ಹಿಡ್ಕೊಂಡು ಹೋಗ್ಬೇಕು." ಅವತ್ತಿನ ನಡಿಗೆಯಲ್ಲಿ ನಾನು ಕೇಳಿದ ಅತ್ಯುತ್ತಮ ವಾಕ್ಯ ಅದು. ಗೈಡು ಅಷ್ಟು ಹೊತ್ತಿಗೆ ಮುಂದಿನ ಮನೆಗೆ ಹೋಗಿದ್ದ.

ಇದನ್ನು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೀಯೆ ಎಂದು ನೀವು ಕೇಳಬಹುದು. 2024ರ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಜಪಾನಿನ ಒಸಾಕಾಕ್ಕೆ ಹೋಗಿದ್ದೆ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಗೆ ಕ್ಯೋಟೋ. ಎರಡನೇ ಮಹಾಯುದ್ಧದ ಬಾಂಬುಗಳಿಂದ ಬಹುಪಾಲು ಉಳಿದುಕೊಂಡ ಹಳೆಯ ರಾಜಧಾನಿ. ಅಲ್ಲಿನ ಗಿಯೋನ್ ಎಂಬ ಕೇರಿಯಲ್ಲಿ ಎರಡು ಗಂಟೆಯ ನಡಿಗೆಗೆ ಮಗಳು ಹೆಸರು ಕೊಟ್ಟಿದ್ದಳು. ಗೈಡು ನನ್ನಷ್ಟೇ ವಯಸ್ಸಿನ ಹೆಂಗಸು, ಕೈಯಲ್ಲಿ ಮಡಿಸಿದ ಕೊಡೆ. ಎರಡು ಗಂಟೆಯಲ್ಲಿ ನಾವು ನಡೆದದ್ದು ಅರ್ಧ ಮೈಲಿಯೂ ಇರಲಾರದು. ಆಕೆ ಮೈಕು ಹಿಡಿದಿರಲಿಲ್ಲ. ಯಾರದೋ ಮನೆಯ ಮುಂದೆ ಹೇಳಬೇಕಾದದ್ದನ್ನು ಆ ಮನೆ ದಾಟಿ, ಕಾಲುವೆಯ ಪಕ್ಕ ನಿಲ್ಲಿಸಿ ಹೇಳುತ್ತಿದ್ದರು.

ಅಲ್ಲಿಯ ಮನೆಗಳು ಮರದವು, ಬೀದಿಗೆ ಕಿರಿದು, ಒಳಕ್ಕೆ ಉದ್ದ. ಅದಕ್ಕೆ ಅವರು 'ಹಾವುಮೀನಿನ ಹಾಸಿಗೆ' ಎನ್ನುತ್ತಾರಂತೆ. ನನಗೆ ನಗು ಬಂತು. ನಮ್ಮ ತುಮಕೂರಿನ ಚಿಕ್ಕಪೇಟೆಯ ಮನೆಗಳೂ ಹಾಗೇ ಅಲ್ಲವೇ? ಮುಂದೆ ಅಂಗಡಿ, ಅದರ ಹಿಂದೆ ನಡುಮನೆ, ಕತ್ತಲೆ ಅಡುಗೆಮನೆ, ಕೊನೆಗೆ ಬಾವಿ, ಬಚ್ಚಲು. ಬೆಳಗ್ಗೆ ಮನೆಯ ಮುಂದೆ ಗುಡಿಸಿ ನೀರು ಚಿಮುಕಿಸುವುದು ಅಲ್ಲೂ ಉಂಟು. ಪಕ್ಕದ ಮನೆಯ ಕಡೆಗೂ ಒಂಚೂರು ಗುಡಿಸಬೇಕು, ಪೂರಾ ಗುಡಿಸಿಬಿಟ್ಟರೆ ಅವರಿಗೆ ಅವಮಾನ, ಏನೂ ಗುಡಿಸದಿದ್ದರೆ ನಮಗೆ ಸಣ್ಣತನ. ಈ ಸೂಕ್ಷ್ಮವನ್ನು ಆಕೆ ಹೇಳಿದಾಗ ಊರು ಥಟ್ಟನೆ ಅರ್ಥವಾಯಿತು. ಯಾವ ಚಕ್ರವರ್ತಿಯ ಇಸವಿಯೂ ಅಷ್ಟು ಹೇಳುತ್ತಿರಲಿಲ್ಲ. ಸರ್ಕಾರದ ಮಾತನ್ನೂ ಬಿಡಲಿಲ್ಲ. 1975ರಲ್ಲಿ ಕಾನೂನು ತಿದ್ದಿ, ಒಂಟಿ ಕಟ್ಟಡವನ್ನಲ್ಲದೆ ಇಡೀ ಕೇರಿಯನ್ನೇ ಕಾಯಬಹುದೆಂದು ಮಾಡಿದರಂತೆ. 1976ರಲ್ಲಿ ಗಿಯೋನಿನ ಶಿಂಬಾಶಿ ಭಾಗ ಅದರಡಿ ಬಂತು. ಮನೆಯ ಮುಂಭಾಗ ರಿಪೇರಿಗೆ ಸಹಾಯಧನ ಸಿಗುತ್ತದೆ. ನಮ್ಮ ಗುಬ್ಬಿಯ ಸೊಸೆಗೆ ಸಿಕ್ಕದ್ದು 'ಕೆಡವಬೇಡಿ' ಎಂಬ ಉಪದೇಶ ಮಾತ್ರ.

ಆದರೆ ನಾನು ಕಣ್ಣು ಕೀಳದೆ ನೋಡಿದ್ದು ಬಾಗಿಲ ಪಕ್ಕದ ಪುಟ್ಟ ಮರದ ಹಲಗೆಗಳನ್ನು. ಗಿಯೋನ್ ಎಂದರೆ ಹಾಡು, ಕುಣಿತ, ವಾದ್ಯ ಕಲಿತ ಹೆಂಗಸರ ಕೇರಿ. ನಾವೆಲ್ಲ ಗೇಷಾ ಎನ್ನುತ್ತೇವಲ್ಲ, ಆ ಊರಿನವರು ಗೇಯ್ಕೋ ಎನ್ನುತ್ತಾರೆ, ಕಲೆಯ ಹೆಂಗಸು ಎಂಬ ಅರ್ಥ. ಕಲಿಯುವ ಹುಡುಗಿ ಮೈಕೋ. 1872ರಿಂದ ವಸಂತದಲ್ಲಿ ಇವರ ನೃತ್ಯೋತ್ಸವ ನಡೆದುಬಂದಿದೆ. ಅವರಿರುವ ಮನೆಯ ಬಾಗಿಲಲ್ಲಿ ಆ ಹೆಂಗಸರ ಹೆಸರುಗಳನ್ನೇ ಬರೆದು ಹಾಕಿರುತ್ತಾರೆ. ಗಂಡನ ಹೆಸರಲ್ಲ, ಅಪ್ಪನದಲ್ಲ. "ಇವು ಯಾರ ಹೆಸರು?" ಎಂದು ಮಗಳ ಕೈಲಿ ಎರಡು ಸಲ ಕೇಳಿಸಿದೆ.

ಹಾಗೆಂದು ಆ ನಡಿಗೆಗೆ ನೂರಕ್ಕೆ ನೂರು ಅಂಕ ಕೊಡಲಾರೆ. ಪ್ರವಾಸಿಗರು ಮೈಕೋಗಳ ಹಿಂದೆ ಓಡಿ, ಉಡುಪು ಹಿಡಿದೆಳೆದು ಫೋಟೋ ತೆಗೆಯುವ ಹಾವಳಿ ತಡೆಯಲಾರದೆ 2024ರಲ್ಲಿ ಅಲ್ಲಿಯ ಖಾಸಗಿ ಓಣಿಗಳನ್ನು ಹೊರಗಿನವರಿಗೆ ಮುಚ್ಚಿದ್ದಾರೆ. ಹೊಕ್ಕರೆ ಹತ್ತು ಸಾವಿರ ಯೆನ್ ದಂಡ ಎಂದು ಫಲಕ. ಅದನ್ನು ಆಕೆ ತೋರಿಸಿದರು. ಆದರೆ ಹದಿನೈದು ಹದಿನಾರಕ್ಕೆ ಮನೆ ಬಿಟ್ಟು ಬರುವ ಆ ಹುಡುಗಿಯರ ಬಾಳು ಹೇಗೆ ಎಂಬಲ್ಲಿಗೆ ಬಂದಾಗ ಮಾತು ಉಡುಪಿನ ರೇಷ್ಮೆಗೆ, ಜಡೆಯ ಹೂವಿಗೆ ಹೊರಳಿಬಿಟ್ಟಿತು. 2022ರಲ್ಲಿ ಮೈಕೋ ಆಗಿದ್ದ ಒಬ್ಬ ಹೆಣ್ಣುಮಗಳು, ತನಗೆ ಹದಿನಾರರಲ್ಲೇ ಕುಡಿಸುತ್ತಿದ್ದರೆಂದು ಬಹಿರಂಗವಾಗಿ ಬರೆದು ಜಪಾನಿನಲ್ಲಿ ದೊಡ್ಡ ಗದ್ದಲವಾಗಿತ್ತು. ಆ ಮಾತು ನಡಿಗೆಯಲ್ಲಿ ಬರಲಿಲ್ಲ. ಗೇಷಾಗಳ ವಿಷಯ ಜಗತ್ತಿನ ಎಷ್ಟೋ ಜನಕ್ಕೆ ತಿಳಿದದ್ದು ಆರ್ಥರ್ ಗೋಲ್ಡನ್ ಎಂಬ ಅಮೆರಿಕನ್ ಗಂಡಸು 1997ರಲ್ಲಿ ಬರೆದ ಕಾದಂಬರಿಯಿಂದ. ಅವನಿಗೆ ತನ್ನ ಕಥೆ ಹೇಳಿದ ಗಿಯೋನಿನ ಮಿನೆಕೋ ಇವಸಾಕಿ, ತಾನು ಹೇಳಿದ್ದನ್ನು ತಿರುಚಿದ, ಗುಟ್ಟಾಗಿಡಬೇಕಿದ್ದ ಹೆಸರನ್ನು ಅಚ್ಚು ಹಾಕಿದ ಎಂದು ಕೋರ್ಟಿಗೆ ಹೋಗಿ, ಆಮೇಲೆ 2002ರಲ್ಲಿ ತನ್ನ ಆತ್ಮಕಥೆಯನ್ನು ತಾನೇ ಹೊರತಂದರು. ಹೇಳದೆ ಇರುವುದೂ ತಪ್ಪು, ಕೇಳದೆ ಹೇಳಿಬಿಡುವುದೂ ತಪ್ಪು. ಗೈಡಿನ ಕೆಲಸ ಸುಲಭದ್ದೇನಲ್ಲ.

ಇದು ನನಗೆ ಇಷ್ಟು ಚುಚ್ಚುವುದಕ್ಕೆ ಕಾರಣ ಕುಣಿಗಲ್ಲಿನಲ್ಲಿದೆ, ನನ್ನ ಅಮ್ಮನ ತವರಿನಲ್ಲಿ. ಕುಣಿಗಲ್ ಎಂದರೆ ಎಲ್ಲರಿಗೂ ಕೆರೆಯ ಹಾಡು ನೆನಪಾಗುತ್ತದೆ, ಬಂದವರು ಕೆರೆ ಏರಿಯ ಮೇಲೆ ನಿಂತು, ಕುದುರೆ ಫಾರಂ ಎಲ್ಲಿ ಎಂದು ಕೇಳಿ ಹೋಗುತ್ತಾರೆ. ನಾವು ಮಕ್ಕಳು ರಜಕ್ಕೆ ಹೋದಾಗ ಏರುತ್ತಿದ್ದದ್ದು ಅಜ್ಜಿಯ ಮನೆಯ ಅಟ್ಟ. ಅಲ್ಲಿನ ತಗಡಿನ ಟ್ರಂಕಿನಲ್ಲಿ ಒಂದು ಜೊತೆ ಗೆಜ್ಜೆ ಇತ್ತು. ಯಾರದಜ್ಜಿ ಎಂದರೆ "ಎತ್ತಿನ ಗೆಜ್ಜೆ, ಅಲ್ಲೇ ಇಡು" ಎನ್ನುತ್ತಿದ್ದರು. ಎತ್ತಿನ ಗೆಜ್ಜೆಗೆ ಕೆಂಪು ವೆಲ್ವೆಟ್ಟಿನ ಪಟ್ಟಿ ಯಾಕೆ ಎಂದು ನನಗೆ ಹೊಳೆದದ್ದು ಮದುವೆಯಾಗಿ ಎರಡು ಮಕ್ಕಳಾದ ಮೇಲೆ. ಅಜ್ಜಿಗೆ ಒಬ್ಬ ಅಕ್ಕ ಇದ್ದರು. ಯಾವುದೋ ಒಂದು ನಾಟಕ ಕಂಪನಿ ಊರಲ್ಲಿ ಕ್ಯಾಂಪು ಮಾಡಿದಾಗ ಅದರೊಂದಿಗೆ ಹೊರಟುಹೋದರು. ಹನ್ನೆರಡು ವರ್ಷ ಹಾಡಿದರು, ಕಾಯಿಲೆಯಾಗಿ ಹಿಂತಿರುಗಿ ಬಂದರು, ಹಿತ್ತಲ ಕೋಣೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಯಾವ ಮಗುವಿಗೂ ಇಡಲಿಲ್ಲ. ಜಗಲಿಯಲ್ಲಿ ಕೂತವರಿಗೆ ಆ ಕೋಣೆ ಕಾಣುತ್ತಿರಲಿಲ್ಲ. ಯಾವ ನಡಿಗೆಯವರು ಬಂದಿದ್ದರೂ ನಮ್ಮ ಕಂಬ, ಕೆತ್ತನೆ, ತೊಟ್ಟಿ ಹೊಗಳಿ ಹೋಗುತ್ತಿದ್ದರು.

ಇಡ್ಲಿಯ ಹೊತ್ತಿನಲ್ಲಿ ಗುಬ್ಬಿಯ ಹುಡುಗನಿಗೆ ಲೆಕ್ಕ ಒಪ್ಪಿಸಿದೆ, ಹದಿನೇಳಕ್ಕೆ ಒಂದು ಎಂದು. ಪಾಪ, ಪೆಚ್ಚಾದ. "ಮೇಡಂ, ಪುಸ್ತಕದಲ್ಲಿರೋದನ್ನೇ ಹೇಳ್ಬೇಕಲ್ವಾ? ಹೆಂಗಸರ ವಿಷಯ ಯಾರೂ ಹೇಳಲ್ಲ" ಎಂದ. ಅರ್ಧ ನಿಜ. "ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದರಲ್ಲಪ್ಪ, ಅವರನ್ನ ಕೇಳಿದೆಯಾ?" ಎಂದೆ. ಕೇಳಿರಲಿಲ್ಲ. ನಾನು ಕೇಳಿದ್ದೆ. ಎಲ್ಲರೂ ಮುಂದೆ ಹೋದ ಮೇಲೆ, ತುಳಿದ ತಪ್ಪಿಗೆ ಕ್ಷಮೆ ಕೇಳಿ ಎರಡು ನಿಮಿಷ ನಿಂತಿದ್ದೆ. ಅವರ ಅತ್ತೆ ಮೊಸರು ಮಾರುತ್ತಿದ್ದರಂತೆ. ಕಂಪನಿಯ ಹೆಂಗಸರು ಊರಲ್ಲಿದ್ದಾಗ ದಿನಾ ಕೊಳ್ಳುತ್ತಿದ್ದರಂತೆ, "ಒಂದು ದಿನ ಸಾಲ ಹೇಳಿದೋರಲ್ಲ, ನಮ್ಮತ್ತೇನ ಅಕ್ಕಾ ಅಂತಿದ್ರು. ಆದ್ರೆ ನಮ್ಮತ್ತೆ ಅವರನ್ನ ಜಗಲಿ ಮೇಲಕ್ಕೆ ಕರೀಲಿಲ್ಲ ನೋಡಮ್ಮ, ಮಾವ ಬಯ್ಯೋರು" ಎಂದು ಹೇಳಿ, ಮತ್ತೆ ನೀರು ಚಿಮುಕಿಸಿ ರಂಗೋಲಿ ಇಟ್ಟರು.

ಹುಡುಗ ಒಳ್ಳೆಯವನು. ಹದಿನೈದು ದಿನ ಬಿಟ್ಟು ಫೋನು ಮಾಡಿದ. ಮುಂದಿನ ನಡಿಗೆಯನ್ನು ಆ ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತಾನಂತೆ, ಅವರ ಒಪ್ಪಿಗೆ ಕೇಳಿ ಬಂದಿದ್ದಾನೆ, ರಂಗೋಲಿ ಮುಗಿದ ಮೇಲೇ ಬನ್ನಿ ಎಂದರಂತೆ. ಮೈಕು ಬಿಟ್ಟಿದ್ದಾನೆ. ಸುಂದರಮ್ಮ, ಜಯಮ್ಮ, ಮಾಲತಮ್ಮ ಮೂವರ ಬಗ್ಗೆಯೂ ಓದಿಕೊಂಡಿದ್ದಾನೆ. ಕುಣಿಗಲ್ಲಿಗೂ ಒಂದು ನಡಿಗೆ ಯೋಚಿಸಿದ್ದಾರೆ, ನಿಮ್ಮ ದೊಡ್ಡಜ್ಜಿಯ ಹೆಸರು ಹೇಳಿ ಮೇಡಂ, ಸೇರಿಸಿಕೊಳ್ಳುತ್ತೇನೆ ಎಂದ.

ಹೇಳುವುದಕ್ಕೆ ಬಾಯಿಗೆ ಬಂತು. ಆದರೂ ಹಿರಿಯರನ್ನು ಒಂದು ಮಾತು ಕೇಳಬೇಕಲ್ಲ ಎಂದು ಅಣ್ಣನಿಗೆ ಫೋನು ಮಾಡಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಮೊಮ್ಮಗಳಿಗೆ ಗಂಡು ನೋಡ್ತಿದೀವಿ ಕಣೇ, ಈಗ್ಯಾಕೆ ಅದೆಲ್ಲ" ಎಂದ. ಅದಕ್ಕೇ ಇಲ್ಲೂ ಆ ಹೆಸರನ್ನು ಬರೆದಿಲ್ಲ. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾನೆ. ಗಂಡು ಇನ್ನೂ ಗೊತ್ತಾಗಿಲ್ಲ.