ನೊಂದ ಭಾವನೆಯೂ ಸಂಶೋಧಕರ ಮಾರ್ಗವೂ

‘ಧಾರ್ಮಿಕ ಭಾವನೆಗಳಿಗೆ ಧಕ್ಕೆ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿಯೂ ಠಾಣೆಗೆ ಹೋಗುವ ದೂರುಗಳಲ್ಲಿಯೂ ಎಷ್ಟು ರೂಢವಾಗಿದೆಯೆಂದರೆ, ಅದನ್ನು ಒಂದು ವಾದವೆಂದು ಪರಿಶೀಲಿಸುವವರೇ ಇಲ್ಲ. ಹೇಳಿದ್ದು ಸತ್ಯವೋ ಅಸತ್ಯವೋ ಎಂಬ ಪ್ರಶ್ನೆಯನ್ನು ಅದು ಬದಿಗೆ ಸರಿಸುತ್ತದೆ. ಕೇಳಿದವರಿಗೆ ನೋವಾಯಿತೇ ಎಂಬುದಷ್ಟೇ ತೀರ್ಪಿನ ಅಳತೆಗೋಲಾಗುತ್ತದೆ. ಈ ಅಳತೆಗೋಲು ಧಾರವಾಡದ ಒಬ್ಬ ವಿದ್ವಾಂಸರ ಬಾಳಿನಲ್ಲಿ ಏನು ಮಾಡಿತೆಂಬುದನ್ನು ದೇವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ವಿಮರ್ಶಿಸಬೇಕಾಗಿದೆ.

ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಮೊದಲ ಸಂಪುಟದ ಸುತ್ತ 1989ರಲ್ಲಿ ಎದ್ದ ವಿವಾದವನ್ನು ಇಂದು ಹಲವರು ಮರೆತಿದ್ದಾರೆ. ಚನ್ನಬಸವಣ್ಣನ ಜನನ, ನೀಲಾಂಬಿಕೆಯ ದಾಂಪತ್ಯ ಇವುಗಳ ಕುರಿತು ಅವರು ವಚನಗಳನ್ನೂ ಇತರ ಆಕರಗಳನ್ನೂ ಇಟ್ಟುಕೊಂಡು ಕೆಲವು ಊಹೆಗಳನ್ನು ಮಂಡಿಸಿದ್ದರು. ಚನ್ನಬಸವಣ್ಣನ ತಂದೆ ಚರ್ಮಕಾರ ಶರಣ ಡೋಹರ ಕಕ್ಕಯ್ಯನಿರಬಹುದೆಂಬುದು ಅವುಗಳಲ್ಲೊಂದು. ಊಹೆ ದುರ್ಬಲವಾಗಿದ್ದರೆ ಇನ್ನೊಂದು ಆಕರದಿಂದ ಅದನ್ನು ಕೆಡವಬಹುದಾಗಿತ್ತು. ಆದದ್ದು ಬೇರೆ. ಒತ್ತಡಕ್ಕೆ ಮಣಿದು ಅವರು ಬರೆದದ್ದನ್ನು ಹಿಂತೆಗೆದುಕೊಂಡರು. ಕುಟುಂಬದ ಪ್ರಾಣ ಉಳಿಸಿಕೊಳ್ಳಲು ಹಾಗೆ ಮಾಡಿದೆನೆಂದೂ, ಅಂದು ತಾನು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆನೆಂದೂ ಮುಂದೆ ಹೇಳಿಕೊಂಡರು. ಹುಟ್ಟಿನಿಂದ ಬರುವ ಮೇಲು-ಕೀಳನ್ನೇ ನಿರಾಕರಿಸಿದ ಶರಣ ಪರಂಪರೆಯ ಹೆಸರಿನಲ್ಲಿ, ಒಬ್ಬ ಶರಣನ ಹುಟ್ಟಿಗೆ ಚರ್ಮಕಾರನ ಹೆಸರು ತಗುಲಿತೆಂದು ಜನ ನೊಂದರು! ಇಲ್ಲಿ ನೊಂದದ್ದು ಭಕ್ತಿಯೋ, ಕುಲದ ಅಭಿಮಾನವೋ? ನಮಗೆ ಎರಡನೆಯದೇ ಎಂದು ತೋರುತ್ತದೆ.

ಮತ್ತಾಯನ ಸುವಾರ್ತೆಯ ಮೊದಲ ಪುಟವನ್ನು ಇದರ ಪಕ್ಕದಲ್ಲಿಟ್ಟು ಓದುವುದು ಉಪಯುಕ್ತ. ಮೆಸ್ಸೀಯನ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ಮೋವಾಬ್ಯಳಾದ ರೂತಳೂ ಊರೀಯನ ಹೆಂಡತಿಯೂ ಬರುತ್ತಾರೆ. ವಂಶವನ್ನು ಶುದ್ಧಗೊಳಿಸಿ ತೋರಿಸುವ ಅವಕಾಶ ಸುವಾರ್ತಿಕನಿಗೆ ಇತ್ತು. ಅವನು ಅದನ್ನು ಬಳಸಲಿಲ್ಲ. ಆದರೂ ನಮ್ಮ ಪ್ರಸಂಗಪೀಠಗಳಿಂದ ಈ ಹದಿನೇಳು ವಚನಗಳು ಕೇಳಿಬರುವುದು ವಿರಳ, ಕ್ರಿಸ್ಮಸ್‌ನಲ್ಲಿಯೂ!

30 ಆಗಸ್ಟ್ 2015ರ ಬೆಳಿಗ್ಗೆ ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಅವರಿಗೆ ಆಗ 76 ವರ್ಷ. 1989ರಲ್ಲಿ ಅವರನ್ನು ಮಣಿಸಿದವರನ್ನೂ ಈ ಕೊಲೆಯ ಆರೋಪಿಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ತನಿಖಾ ದಳವು ಕೊಲೆಯ ಕಾರಣವನ್ನು ಮೂಢನಂಬಿಕೆಯ ಬಗ್ಗೆ ಅವರು 2014ರಲ್ಲಿ ಬೆಂಗಳೂರಿನಲ್ಲಿ ಮಾಡಿದ ಭಾಷಣದಲ್ಲಿ ಕಂಡಿತು. ಆದರೆ ಎರಡೂ ಸಂದರ್ಭಗಳಲ್ಲಿ ಮುಂದಿಟ್ಟ ಸಮರ್ಥನೆಯ ಭಾಷೆ ಒಂದೇ: ನಮಗೆ ನೋವಾಯಿತು.

ಸತ್ಯವೇದದಲ್ಲಿಯೂ ಈ ಭಾಷೆಗೆ ಒಂದು ರೂಪವಿದೆ. ಮಾರ್ಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಮಹಾಯಾಜಕನು ತನ್ನ ವಸ್ತ್ರಗಳನ್ನು ಹರಿದುಕೊಂಡೊಡನೆ ಸಾಕ್ಷಿಗಳ ಅಗತ್ಯವೇ ಮುಗಿದುಹೋಗುತ್ತದೆ. ಸ್ತೆಫನನ ಎದುರಾಳಿಗಳು ಕಿವಿ ಮುಚ್ಚಿಕೊಂಡ ಮೇಲೆ ಕಲ್ಲು ಎತ್ತುತ್ತಾರೆ. ಇದನ್ನು ಯೆಹೂದ್ಯರ ಸ್ವಭಾವವೆಂದು ಬೋಧಿಸಿದ ಕ್ರೈಸ್ತ ಚರಿತ್ರೆ ಲಜ್ಜಾಸ್ಪದವಾದುದು. ಅದು ಪೀಠದ ಸ್ವಭಾವ, ಯಾವ ಧರ್ಮದ ಪೀಠವಾದರೂ ಸರಿ.

ರಷ್ಯದ ನಿದರ್ಶನ ಇದಕ್ಕೆ ಪುಷ್ಟಿಕೊಡುತ್ತದೆ. ಟಾಲ್‌ಸ್ಟಾಯ್ ತಮ್ಮ ‘ಪುನರುತ್ಥಾನ’ ಕಾದಂಬರಿಯಲ್ಲಿ ಕರ್ತನ ಭೋಜನದ ಸಂಸ್ಕಾರವನ್ನು ಗೇಲಿಮಾಡಿದ್ದರು; 1901ರಲ್ಲಿ ಅಲ್ಲಿಯ ಪವಿತ್ರ ಸಿನೊಡ್ ಅವರನ್ನು ಸಭೆಯಿಂದ ಹೊರಗೆಂದು ಸಾರಿತು. ಅದು ಕನಿಷ್ಠಪಕ್ಷ ಸಭೆಯು ತನ್ನ ಸದಸ್ಯನ ಬಗ್ಗೆ ಹೇಳಿದ ಮಾತು. 2012ರಲ್ಲಿ ಮಾಸ್ಕೋದ ಮಹಾದೇವಾಲಯದೊಳಗೆ ಕೆಲವು ಯುವತಿಯರು ಪ್ರತಿಭಟನೆಯ ಹಾಡು ಹಾಡಿದ ಮೇಲೆ ಹೊರಬಂದದ್ದು ಬೇರೆಯದು: ವಿಶ್ವಾಸಿಗಳ ಭಾವನೆಗಳನ್ನು ಅವಮಾನಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆ ವಿಧಿಸಬಲ್ಲ 2013ರ ಕಾನೂನು. ಸಭೆಯ ನೋವಿಗೆ ರಾಜ್ಯವು ಕಾವಲುಗಾರನಾಯಿತು. ನಮ್ಮಲ್ಲಿ 1927ರಿಂದಲೂ ಇದ್ದ 295ಎ ಕಲಮಿನ ಗರಿಷ್ಠ ಶಿಕ್ಷೆಯೂ ಅಷ್ಟೇ. ಅಲ್ಪಸಂಖ್ಯಾತರಾದ ನಮಗೆ ಅದು ಆಸರೆಯೆಂದು ಕೆಲವು ಸಭಾಪಾಲಕರು ವಾದಿಸುತ್ತಾರೆ. 2006ರಲ್ಲಿ ‘ದ ಡಾ ವಿಂಚಿ ಕೋಡ್’ ಚಲನಚಿತ್ರವನ್ನು ನಿಷೇಧಿಸಬೇಕೆಂದು ಬೇಡಿದ ಕ್ರೈಸ್ತ ಸಂಘಟನೆಗಳ ವಾದವೂ ಅದೇ ಆಗಿತ್ತು. ನಾವು ಒಪ್ಪಲಾರೆವು. ಸಂಖ್ಯೆ ಹೆಚ್ಚಿದ್ದವರ ನೋವೇ ಠಾಣೆಯಲ್ಲಿ ಮೊದಲು ಕೇಳಿಸುವ ನಾಡಿನಲ್ಲಿ, ನೋವನ್ನೇ ಪ್ರಮಾಣವನ್ನಾಗಿಸುವುದು ಅಲ್ಪಸಂಖ್ಯಾತರಿಗೆ ದುಬಾರಿ ಆಸರೆ.

ಕಲಬುರ್ಗಿಯವರ ಮರಣಾನಂತರ ಅವರನ್ನು ಹುತಾತ್ಮರೆಂದು ಕರೆದ ಭಾಷಣಗಳಲ್ಲಿ ‘ಮಾರ್ಗ’ದ ಪ್ರಮಾಣಗಳ ಚರ್ಚೆ ಕಡಿಮೆಯೇ. ನಮ್ಮ ಸೆಮಿನರಿಗಳಿಗೆ ಈ ದೋಷ ಹತ್ತಿರದ್ದು. ಪಂಚಗ್ರಂಥಗಳ ಮೂಲಸ್ತರಗಳನ್ನೂ ಸುವಾರ್ತೆಗಳ ಪರಸ್ಪರ ಸಂಬಂಧವನ್ನೂ ತರಗತಿಯಲ್ಲಿ ಕಲಿತು ಉತ್ತರಪತ್ರಿಕೆಯಲ್ಲಿ ಬರೆದ ವಿದ್ಯಾರ್ಥಿ, ಪಟ್ಟಾಭಿಷಿಕ್ತನಾಗಿ ಹಳ್ಳಿಯ ಸಭೆಗೆ ಹೋದಮೇಲೆ ಮೋಶೆಯೇ ಎಲ್ಲವನ್ನೂ ಬರೆದನೆಂದು ಬೋಧಿಸುತ್ತಾನೆ. ಹಿರಿಯರ ಕಮಿಟಿ ನೊಂದೀತೆಂಬ ಭಯವೇ ಇದಕ್ಕೆ ಕಾರಣ. ಅಲ್ಲಿ ಪಿಸ್ತೂಲಿಲ್ಲ, ಠಾಣೆಯಿಲ್ಲ, ವರ್ಗಾವಣೆಯೊಂದೇ ಬೆದರಿಕೆ. ಹಿಂತೆಗೆದುಕೊಳ್ಳುವ ಪ್ರಸಂಗವೂ ಬರುವುದಿಲ್ಲ, ಏಕೆಂದರೆ ಹೇಳುವುದೇ ಇಲ್ಲ.