‘ತೀರ್ಥೋದ್ಭವ’ವನ್ನು ದಪ್ಪಕ್ಷರದಲ್ಲಿ ಬರೆಯುವುದು

ಕನ್ನಡದ ಯಾವುದೇ ದಪ್ಪಕ್ಷರದ ಫಾಂಟ್ ಕೈಗೆ ಬಂದರೂ ನಾನು ಮೊದಲು ಬರೆದು ನೋಡುವ ಪದ ‘ತೀರ್ಥೋದ್ಭವ’. ಅಕ್ಟೋಬರ್ ನಡುವೆ, ತುಲಾ ಸಂಕ್ರಮಣದ ಹೊತ್ತಿಗೆ, ಭಾಗಮಂಡಲದ ರಸ್ತೆಬದಿಯ ಬ್ಯಾನರುಗಳಲ್ಲಿ ಕಾಣುವುದು ಇದೇ ಪದ. ತಲಕಾವೇರಿಗೆ ಹೊರಟವರು ಮಂಜಿನಲ್ಲಿ, ಓಡುವ ಬಸ್ಸಿನಿಂದ ಇದನ್ನು ಓದಬೇಕು. ದಪ್ಪಗಿದ್ದಷ್ಟೂ ಓದಲು ಸುಲಭ ಎಂದು ನಾನೂ ನಂಬಿದ್ದೆ.

ಒಮ್ಮೆ ಕರಪತ್ರವೊಂದರಲ್ಲಿ ಈ ಪದವನ್ನು ಬೋಲ್ಡ್ ಮಾಡಿ ಅಚ್ಚು ಹಾಕಿಸಿದೆ. ನೆರೆಮನೆಯ ಅಜ್ಜ ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: “ಇದರಲ್ಲಿ ‘ಥ’ ಎಲ್ಲುಂಟು?”

ಅವರು ಕೇಳಿದ್ದು ಸರಿ. ‘ಥ’ದ ಗುರುತು ಹೊಟ್ಟೆಯೊಳಗಿನ ಚುಕ್ಕೆ, ‘ಭ’ದ ಗುರುತು ಕೆಳಗಿನ ಸೀಳು. ಈ ಪದದಲ್ಲಿ ‘ಭ’ ಒತ್ತಾಗಿ ಇನ್ನೂ ಕಿರಿದಾಗಿದೆ. ಎರಡರ ಸುತ್ತಲಿನ ಬಿಳಿ ಜಾಗ ಮುಚ್ಚಿಹೋದರೆ ಪದದ ಮಹಾಪ್ರಾಣಗಳೇ ಹೋದಂತೆ. ಹೆಚ್ಚಿನ ಕನ್ನಡ ಫಾಂಟುಗಳಿಗೆ ಒಂದೇ ತೂಕ. ಬೋಲ್ಡ್ ಒತ್ತಿದಾಗ ಕಂಪ್ಯೂಟರು ಗೆರೆಯನ್ನು ಎಲ್ಲ ಕಡೆಯೂ ಒಂದೇ ಸಮ ಉಬ್ಬಿಸುತ್ತದೆ. ಅದು ವಿನ್ಯಾಸವಲ್ಲ, ಬಾವು.

ಇದಕ್ಕೆ ಹೋಲಿಸಿದರೆ ಗೂಗಲ್‌ನ ‘ನೋಟೋ ಸೆರಿಫ್ ಕನ್ನಡ’ ಗಮನಿಸಬೇಕಾದದ್ದು. ಇದರಲ್ಲಿ 100ರಿಂದ 900ರವರೆಗಿನ ತೂಕಗಳಿವೆ. ‘ಸೆರಿಫ್’ ಎಂಬ ಹೆಸರು ಮಾತ್ರ ನಮಗೆ ಒಗ್ಗದು. ಸೆರಿಫ್ ಎಂದರೆ ರೋಮನ್ ಅಕ್ಷರದ ಗೆರೆಯ ತುದಿಯಲ್ಲಿ ಚಾಚಿದ ಸಣ್ಣ ಪಾದ. ನಮ್ಮ ದುಂಡಕ್ಷರಗಳಿಗೆ ಅಂಥ ಪಾದವಿಲ್ಲ. ತಲೆಕಟ್ಟು ಇದೆ, ಅದು ಅಲಂಕಾರವಲ್ಲ. ಅದು ಹೋಗಿ ಗುಡಿಸು ಬಂದರೆ ‘ಕ’ ‘ಕಿ’ ಆಗುತ್ತದೆ. ಇಲ್ಲಿ ‘ಸೆರಿಫ್’ ಎಂದರೆ ಗೆರೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಎಂದಷ್ಟೇ ಅರ್ಥ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಂಥ ಮೊಳೆಯಚ್ಚಿನ ಪುಸ್ತಕ ಓದಿದವರಿಗೆ ಈ ಏರಿಳಿತ ಹೊಸದಲ್ಲ.

ದಪ್ಪ ತೂಕದಲ್ಲಿ ಈ ಏರಿಳಿತವೇ ನೆರವಿಗೆ ಬರುತ್ತದೆ. ಭಾರ ದಪ್ಪ ಭಾಗಕ್ಕೆ ಸೇರಿ, ತೆಳು ಭಾಗ ತೆಳುವಾಗಿಯೇ ಉಳಿದರೆ ಚುಕ್ಕೆಗೂ ಸೀಳಿಗೂ ಉಸಿರಾಡಲು ಜಾಗ ಸಿಗುತ್ತದೆ. ‘ಬಲೂ ತಮ್ಮ’ದಂಥ, ಎಲ್ಲೆಡೆ ಒಂದೇ ಸಮ ದಪ್ಪವಿರುವ ಫಾಂಟ್ ಅಂಗಡಿಯ ಹೆಸರಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಲವಲವಿಕೆ ತರುತ್ತದೆ, ಒತ್ತಕ್ಷರ ತುಂಬಿದ ಸೂಚನಾಫಲಕಕ್ಕೆ ನಾನು ಅದನ್ನು ಆರಿಸಲಾರೆ.

ನೋಟೋಗೂ ಮಿತಿಯಿದೆ. 700ರ ತೂಕ ಶೀರ್ಷಿಕೆಗೆ ಚೆನ್ನ. 900ನ್ನು ಚಿತ್ರದ ಅಡಿಬರಹದಷ್ಟು ಸಣ್ಣದು ಮಾಡಿದರೆ ಒತ್ತುಗಳು ಮತ್ತೆ ಮುದ್ದೆಯಾಗುತ್ತವೆ. ಸಾಲಿನ ಅಂತರ ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ದಪ್ಪಕ್ಷರವನ್ನು ಅಳೆಯಬೇಕಾದದ್ದು ಶಾಯಿಯಿಂದಲ್ಲ, ಅದು ಉಳಿಸಿದ ಬಿಳಿಯಿಂದ. ಈಗ ಕರಪತ್ರ ಅಚ್ಚಿಗೆ ಹೋಗುವ ಮೊದಲು ಒಂದು ಪ್ರತಿ ತೆಗೆದು ಅಜ್ಜನ ಕೈಗೆ ಕೊಡುತ್ತೇನೆ. ಅವರು ‘ಥ’ವನ್ನು ಹುಡುಕದೆ ಓದಿದರೆ ಆ ಫಾಂಟ್ ಪಾಸಾದಂತೆ.