ಕೇನ್ಸ್ ಕಂಡದ್ದು, ಕಾಣದೆ ಹೋದದ್ದು

ಜಾನ್ ಮೇನಾರ್ಡ್ ಕೇನ್ಸ್ 1919ರ ಜೂನ್‌ನಲ್ಲಿ ಬ್ರಿಟಿಷ್ ಖಜಾನೆಯ ಹುದ್ದೆಗೆ ರಾಜೀನಾಮೆ ಕೊಟ್ಟು ಪ್ಯಾರಿಸ್ ಶಾಂತಿ ಸಮ್ಮೇಳನದಿಂದ ಹೊರಬಂದರು. ಅದೇ ಡಿಸೆಂಬರಿನಲ್ಲಿ ಅವರ ‘ದಿ ಎಕನಾಮಿಕ್ ಕಾನ್ಸಿಕ್ವೆನ್ಸಸ್ ಆಫ್ ದಿ ಪೀಸ್’ ಪ್ರಕಟವಾಯಿತು. ವರ್ಸೇಲ್ಸ್ ಒಪ್ಪಂದದ ಕ್ರೌರ್ಯವೇ ಹಿಟ್ಲರನನ್ನು ಹುಟ್ಟಿಸಿತು ಎಂದು ನಾವು ಶಾಲೆಯಲ್ಲಿ ಕಲಿತ ಪಾಠದ ಬೇರು ಬಹುಮಟ್ಟಿಗೆ ಈ ಪುಸ್ತಕದಲ್ಲಿದೆ.

ಪುಸ್ತಕದ ಕಸುವು ಅದರ ಕೋಪದಲ್ಲಿದೆ. ಕ್ಲೆಮೆನ್ಸೋ, ವಿಲ್ಸನ್ ಇಬ್ಬರನ್ನೂ ಹತ್ತಿರದಿಂದ ಕಂಡವನ ಚಿತ್ರಣ ಈಗಲೂ ಹಳತಾಗಿಲ್ಲ. ರೂರ್ ಕಣಿವೆಯ ಕಲ್ಲಿದ್ದಲು, ಲೊರೇನಿನ ಕಬ್ಬಿಣದ ಅದಿರು ಒಂದನ್ನೊಂದು ನೆಚ್ಚಿಕೊಂಡಿರುವಾಗ ಜರ್ಮನಿಯನ್ನು ಕಂಗೆಡಿಸಿ ಉಳಿದ ಯುರೋಪು ನೆಮ್ಮದಿಯಾಗಿರಲಾರದು ಎಂಬ ಅವರ ವಾದವನ್ನು ಒಪ್ಪದಿರುವುದು ಕಷ್ಟ.

ಲೆಕ್ಕದಲ್ಲಿ ಮಾತ್ರ ಪುಸ್ತಕ ಸೋಲುತ್ತದೆ. ಜರ್ಮನಿ ತೆರಬೇಕೆಂದು 1921ರಲ್ಲಿ ಗೊತ್ತುಪಡಿಸಿದ ಯುದ್ಧ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್. ಕೇಳಿದರೆ ಎದೆ ನಡುಗುವ ಮೊತ್ತ. ಆದರೆ ಅದರಲ್ಲಿ 8,200 ಕೋಟಿ ‘ಸಿ’ ಬಾಂಡುಗಳ ರೂಪದಲ್ಲಿತ್ತು. ಅದು ವಸೂಲಾಗುವ ಸಾಲವಲ್ಲವೆಂಬುದು ಕೊಟ್ಟವರಿಗೂ ಪಡೆದವರಿಗೂ ಗೊತ್ತಿತ್ತು. ಫ್ರೆಂಚ್ ಅರ್ಥಶಾಸ್ತ್ರಜ್ಞ ಎತಿಯೆನ್ ಮಾಂತು ಕೇನ್ಸರ ಮುನ್ಸೂಚನೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೊಡಲು ಕೈಲಾಗದು ಎನ್ನಲಾದ ಜರ್ಮನಿ ಹಿಟ್ಲರನ ಕಾಲದಲ್ಲಿ ಶಸ್ತ್ರಾಸ್ತ್ರಕ್ಕೆ ಎಷ್ಟು ಸುರಿಯಿತೆಂದು ತೋರಿಸಿದರು. ಅವರ ಪುಸ್ತಕ ಹೊರಬಂದದ್ದು 1946ರಲ್ಲಿ. ಅಷ್ಟರಲ್ಲಿ ಅವರು ಯುದ್ಧದಲ್ಲಿ ಮಡಿದು ವರ್ಷವಾಗಿತ್ತು. ಆ ಪುಸ್ತಕಕ್ಕೆ ಕೇನ್ಸರ ಓದುಗರಲ್ಲಿ ಒಂದಂಶವಾದರೂ ಸಿಕ್ಕಬೇಕಿತ್ತು.

ಮತಗಳೂ ಬೇರೆಯೇ ಕಥೆ ಹೇಳುತ್ತವೆ. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದದ್ದು ಶೇ 2.6 ಮಾತ್ರ. ಒಪ್ಪಂದವಾಗಿ ಆಗಲೇ ಒಂಬತ್ತು ವರ್ಷ. 1932ರ ಜುಲೈ ಹೊತ್ತಿಗೆ ಅದು ಶೇ 37 ದಾಟಿತು. ನಡುವೆ ಬಂದದ್ದು ಮಹಾ ಆರ್ಥಿಕ ಕುಸಿತ, ಬ್ರೂನಿಂಗ್ ಸರ್ಕಾರದ ಖರ್ಚು ಕಡಿತ, ಸುಮಾರು 60 ಲಕ್ಷ ನಿರುದ್ಯೋಗಿಗಳು. ಪರಿಹಾರದ ಬಾಬತ್ತು ಅದೇ ವರ್ಷ ಲೊಸಾನ್ ಸಮ್ಮೇಳನದಲ್ಲಿ ಬಹುತೇಕ ರದ್ದಾಯಿತು. ಹಿಟ್ಲರ್ ಚಾನ್ಸಲರ್ ಆದದ್ದು ಅದಾದ ಮೇಲೆ, 1933ರ ಜನವರಿ 30ರಂದು. ಇಟಲಿಯಂತೂ ಗೆದ್ದವರ ಸಾಲಿನಲ್ಲಿದ್ದ ದೇಶ. ಅಲ್ಲಿ ಮುಸೊಲಿನಿ 1922ರಲ್ಲೇ ಗದ್ದುಗೆ ಹಿಡಿದಿದ್ದ.

ಹಾಗಾದರೆ ವರ್ಸೇಲ್ಸ್ ನಿರ್ದೋಷಿಯೆ? ಖಂಡಿತ ಅಲ್ಲ. ಅದರ ದೊಡ್ಡ ಪಾಪ ದಂಡದ ಮೊತ್ತವಲ್ಲ, ದಂಡ ಬಿದ್ದ ಹೆಗಲು. ಯುದ್ಧ ಹೂಡಿದ ಕೈಸರ್ ಹಾಲೆಂಡಿನಲ್ಲಿ ಸುರಕ್ಷಿತನಾಗಿದ್ದ. ಸೋತ ಸೇನಾನಿ ಹಿಂಡೆನ್‌ಬರ್ಗ್ 1919ರ ನವೆಂಬರಿನಲ್ಲಿ ಸಂಸದೀಯ ಸಮಿತಿಯ ಮುಂದೆ ನಿಂತು, ಸೈನ್ಯದ ಬೆನ್ನಿಗೆ ಚೂರಿ ಹಾಕಲಾಯಿತು ಎಂದ. ಮುಂದೆ ರಾಷ್ಟ್ರಾಧ್ಯಕ್ಷನೂ ಆದ. ಸಹಿ ಹಾಕುವ ಅವಮಾನ ಎಳೆಯ ಗಣರಾಜ್ಯದ ಪಾಲಿಗೆ ಬಂತು. ಕದನವಿರಾಮಕ್ಕೆ ಸಹಿ ಹಾಕಿದ ಎರ್ಜ್‌ಬರ್ಗರ್‌ನನ್ನು ಬಲಪಂಥೀಯ ಹಂತಕರು 1921ರಲ್ಲಿ ಗುಂಡಿಟ್ಟು ಕೊಂದರು. ಸಂಧಿಯನ್ನು ಹೇರಿದವರು ಅದನ್ನು ಒಪ್ಪಿಕೊಂಡ ಪ್ರಜಾಪ್ರಭುತ್ವವಾದಿಗಳನ್ನು ಕೈಹಿಡಿದು ಕಾಯಲಿಲ್ಲ. 1923ರಲ್ಲಿ ಫ್ರೆಂಚ್, ಬೆಲ್ಜಿಯನ್ ಪಡೆಗಳು ರೂರ್‌ಗೆ ನುಗ್ಗಿದಾಗಲೂ ಮುಖಭಂಗವಾದದ್ದು ಅದೇ ಗಣರಾಜ್ಯಕ್ಕೆ. ರಾಜಕೀಯದ ಈ ಗಾಯ ಕೇನ್ಸರ ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲ.

1945ರ ನಂತರ ಜರ್ಮನಿಗೆ ಆದದ್ದು ಇನ್ನೂ ಕಠಿಣ: ದೇಶವೇ ಹೋಳಾಯಿತು, ಪರರ ಸೈನ್ಯ ಬಂದು ಕೂತಿತು. ಆದರೂ ನ್ಯೂರೆಂಬರ್ಗ್‌ನಲ್ಲಿ ಕಟಕಟೆ ಹತ್ತಿದವರು ಯುದ್ಧ ನಡೆಸಿದವರೇ. ಪಶ್ಚಿಮ ಜರ್ಮನಿಯ ಹೊಸ ಸರ್ಕಾರಕ್ಕೆ ಮಾರ್ಷಲ್ ನೆರವು ಬಂತು, 1953ರ ಲಂಡನ್ ಒಪ್ಪಂದದಲ್ಲಿ ಸಾಲ ಸುಮಾರು ಅರ್ಧಕ್ಕೆ ಇಳಿಯಿತು. ಕೇನ್ಸರನ್ನು ಅವಶ್ಯ ಓದಿ, ಆದರೆ ಮಾಂತುವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.